ಪುಟಸಂಖ್ಯೆ

ಕಿಸುಮುವಿನ ಕಿಬುಯೆ ಸಂತೆಯ ಹಿಂದೆ,
ಟೈರು ಅಂಗಡಿಯ ಮೇಲಿನ ಕೋಣೆಯಲ್ಲಿ
ಒಂದು ಮೇಜು, ಎರಡು ಕುರ್ಚಿ, ಕಾಗದಕ್ಕೆ ತೂತು ಹಾಕುವ ಯಂತ್ರ.
ಬಾಗಿಲ ಮೇಲೆ ನನ್ನ ಹೆಸರಿಲ್ಲ.
‘ಟೆಂಡರ್ ಬರೆದುಕೊಡುವುದಿಲ್ಲ,
ಬರೆಯಲು ಕಲಿಸುತ್ತೇವೆ’ ಅಂತಷ್ಟೇ ಇದೆ.

ಅಪೊಂಡಿ ಬಂದದ್ದು ಒಂದು ಮಂಗಳವಾರ,
ಮುಂಗೈ ತುಂಬ ವೆಲ್ಡಿಂಗಿನ ಕಿಡಿ ಕಚ್ಚಿದ ಕಲೆ,
ಕಂಕುಳಲ್ಲಿ ಜೋಳದ ಹಿಟ್ಟಿನ ಹಳೇ ಚೀಲ,
ಚೀಲದೊಳಗೆ ಕಂಪನಿ:
ನೋಂದಣಿ, ತೆರಿಗೆ ಪತ್ರ, ಮೂರು ಬಿಲ್ಲು,
ಒಂದು ಮಂಚದ ಫೋಟೋ.

“ಕೌಂಟಿ ಆಸ್ಪತ್ರೆಗೆ ಅರವತ್ತು ಕಬ್ಬಿಣದ ಮಂಚ ಬೇಕಂತೆ.
ನಾನು ಮಾಡಬಲ್ಲೆ.”

ಮಾಡಬಲ್ಲಳು. ಫೋಟೋದಲ್ಲೇ ಕಾಣುತ್ತಿತ್ತು,
ಬೆಸುಗೆಯ ಗಾಯವಿಲ್ಲದ ಮೂಲೆಗಳು.
ಸುಡುಬಿಸಿಲು ಅಂತಲೇ ಇಲ್ಲಿ ಆ ಕಸುಬಿಗೆ ಹೆಸರು,
ಸೂರಿಲ್ಲದೆ ಬಡಿದು ಬಾಗಿಸಿ ಬದುಕುವವರದು.
ಆದರೆ ಸರ್ಕಾರ ಮಂಚದ ಮೇಲೆ ಮಲಗಿ ನೋಡುವುದಿಲ್ಲ,
ಕಾಗದದ ಮೇಲೆ ಮಲಗಿ ನೋಡುತ್ತದೆ.

ಅದಕ್ಕೇ ಕಾಗದದಿಂದ ಶುರು.
ಪ್ರತಿ ಹಾಳೆಗೂ ಸಂಖ್ಯೆ, ಅಂದೆ. ಒಂದೂ ತಪ್ಪಬಾರದು.
ಬ್ಯಾಂಕಿನ ಖಾತರಿ ಪತ್ರಕ್ಕೆ? ಹೂಂ.
ತೆರಿಗೆಯವರು ಕೊಟ್ಟಿದ್ದಕ್ಕೆ? ಅದಕ್ಕೂ.
ಖಾಲಿ ಹಾಳೆಗೆ?
ಖಾಲಿ ಹಾಳೆಗೆ ಮೊದಲು.

ನಕ್ಕಳು. ಪೆನ್ನಿನ ಮುಚ್ಚಳ ಕಚ್ಚಿಕೊಂಡು
ನಲವತ್ತರವರೆಗೆ ಸರಾಗ ಬಂದಳು.
ಅಲ್ಲಿ ನಿಂತಳು.

“ನಲವತ್ತೊಂದು,” ಅಂದಳು.
“ಒಂಬತ್ತು ವರ್ಷದ ಹಿಂದೆ. ಶಾಲೆಯ ಬೆಂಚು, ಇನ್ನೂರು.
ನಲವತ್ತೊಂದನೇ ಪುಟಕ್ಕೆ ಸಂಖ್ಯೆಯಿಲ್ಲ ಅಂತ
ತಿರಸ್ಕಾರದ ಪತ್ರ ಬಂತು. ಕೆಳಗೆ ಸಹಿ ನಿಮ್ಮದು.”

ಕೆಳಗಿನ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು.

ಹತ್ತೊಂಬತ್ತು ವರ್ಷ ಆ ಕಡೆಯ ಕುರ್ಚಿಯಲ್ಲಿ ಕೂತವನು ನಾನು.
ಎಷ್ಟೋ ಹಾಳೆ ನೆನಪಿವೆ, ಮುಖ ಒಂದೂ ಇಲ್ಲ.
ನಿಯಮ ನಾನು ಬರೆದದ್ದಲ್ಲ, ಅನ್ನಬಹುದಿತ್ತು.
ರಾತ್ರೋರಾತ್ರಿ ನಡುವೆ ಹಾಳೆ ತೂರಿಸುವವರಿದ್ದರು, ಅದಕ್ಕೇ ಸಂಖ್ಯೆ;
ಕಳ್ಳನಿಗೆಂದು ಕಟ್ಟಿದ ಬೇಲಿ, ಸಿಕ್ಕಿಕೊಂಡದ್ದು ಕರು.
ಇದನ್ನೂ ಅನ್ನಲಿಲ್ಲ.
“ಕಬ್ಬಿಣ ಮೊದಲೇ ಕೊಂಡುಬಿಟ್ಟಿದ್ದೆಯಾ?”
“ಕೊಂಡಿದ್ದೆ. ಒಂದಿಷ್ಟು ಕಿಟಕಿಯಾಯಿತು, ಒಂದಿಷ್ಟು ಕೋಳಿಗೂಡು.
ಮಿಕ್ಕಿದ್ದು ನಮ್ಮನೆ ಗೇಟು. ಮನೆಗಿಂತ ಗೇಟೇ ದೊಡ್ಡದು.”

ಆಮೇಲೆ ಬರೆದಳು, ನಲವತ್ತೊಂದು,
ಅದರ ಮೇಲೇ ಇನ್ನೊಮ್ಮೆ, ಒತ್ತಿ.
ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿ ಬೇಕು, ಅಂದೆ.
ಬೇರೇನು ಹೇಳಲು ಬರುತ್ತದೆ ನನಗೆ?

ಪೆಟ್ಟಿಗೆ ತೆರೆದದ್ದು ಶುಕ್ರವಾರ ಹನ್ನೊಂದಕ್ಕೆ.
ಬೋಡಾದವನ ಬೆನ್ನಿಗೆ ಅಂಟಿಕೊಂಡು
ಹತ್ತೂ ಐವತ್ತಕ್ಕೆ ಬಂದಳು, ಲಕೋಟೆಗೆ ಧೂಳು.
ಹಿಂದಿನ ಸಾಲಿನಲ್ಲಿ ನಾನು.
ನಾನಿದ್ದ ಕುರ್ಚಿಯಲ್ಲಿ ಈಗೊಬ್ಬ ಎಳೆಯ ಹುಡುಗಿ,
ಗಟ್ಟಿಯಾಗಿ ಓದಿದಳು: ಅಪೊಂಡಿ ಮೆಟಲ್ ವರ್ಕ್ಸ್,
ಪುಟಗಳು ನೂರ ಹನ್ನೆರಡು.
ಬೆಲೆಯನ್ನೂ ಓದಿರಬೇಕು. ನನಗೆ ಕೇಳಿಸಲಿಲ್ಲ.

ಅರವತ್ತು ಮಂಚ ಎರಡು ಲಾರಿಯಲ್ಲಿ ಹೋದವು.
ಹೆರಿಗೆ ವಾರ್ಡಿನಲ್ಲಿ ಈಗ ಒಂದೊಂದರ ಮೇಲೂ ಇಬ್ಬರು,
ಒಬ್ಬಳು ತಾಯಿ, ಇನ್ನೊಂದು ಇನ್ನೂ ಹೆಸರಿಡದ್ದು.

ದುಡ್ಡು ಬಂದಿಲ್ಲ.
ಸರಕು ಒಪ್ಪಿಸಿದ ರಸೀದಿ ಇದೆ.
ಬಿಲ್ಲು ಮೇಜಿಂದ ಮೇಜಿಗೆ ನೆಂಟರ ಮನೆ ಸುತ್ತುತ್ತಿದೆ.
ತಾಳಿದವನು ಬಾಳಿಯಾನು ಅನ್ನಲು ನನಗೆ ಬಾಯಿಲ್ಲ,
ಕಬ್ಬಿಣ ಸಾಲ ಕೊಟ್ಟವನು ತಾಳುವುದಿಲ್ಲ.
ನೆನಪೋಲೆ ಬರೆಯಲು ಕಲಿಸುತ್ತಿದ್ದೇನೆ:
ಬೈಗುಳ ಬೇಡ, ತಾರೀಕು ಇರಲಿ,
ತಡವಾದರೆ ಬಡ್ಡಿ ಅನ್ನುವ ಕಲಮನ್ನು ಅವರಿಗೇ ಓದಿ ತೋರಿಸು.

ದಿನಾ ಸಂಜೆ ಅವಳ ಫೋನು.
ಕುಶಲವಿಲ್ಲ, ದಿನದ ಲೆಕ್ಕ ಮಾತ್ರ.
“ನೂರ ಹನ್ನೊಂದು.”
“ನೂರ ಹನ್ನೆರಡು.”
ಇವತ್ತು ಎತ್ತಿದರೆ ಉಸಿರಷ್ಟೇ ಆ ಕಡೆ,
ಅದರ ಹಿಂದೆ ಯಾರೋ ಕಬ್ಬಿಣ ಕೊಯ್ಯುವ ಸದ್ದು.

ನೂರ ಹದಿಮೂರು, ಅಂದೆ ನಾನೇ.